ವಿಮಾನ ಮೂರು, ಸ್ಕ್ವಾಡ್ರನ್ ಒಂದೇ: ನೌಕಾಪಡೆಯ 312ರ ಕಥೆ

ಮೊನ್ನೆ ಒಂದು ಸಂಜೆ ಆಡಿದ ಮಾತುಗಳಿವು. ಬರಲಾಗದೇ ಹೋದ ಗೆಳೆಯರು ಕೇಳಿದರು ಅಂತ ಬರೆದಿಡುತ್ತಿದ್ದೇನೆ. ಮಾತಾಡಿದ ಹಾಗೆಯೇ ಬಿಟ್ಟಿದ್ದೇನೆ, ಅವತ್ತು ಹೇಳಲು ಮರೆತ ಒಂದೆರಡು ಸಂಗತಿ ಮಾತ್ರ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಈಚೆಗೆ ಹೋಗಿ ಬಂದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ತುಂಬಾ ಜನ ಇದ್ದೀರಿ. ಅಲ್ಲಿ ಚಾಪೆಲ್ ಯುದ್ಧನೌಕೆ ಮೊದಲಿನಿಂದಲೂ ಇತ್ತು. ಈಗ ಅದರ ಜೊತೆಗೆ ಒಂದು ದೊಡ್ಡ ವಿಮಾನವೂ ಬಂದು ನಿಂತಿದೆ. ಟಿಯು-142. ಟುಪೊಲೆವ್ ಅಂತಲೂ ಕರೆಯುತ್ತಾರೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ಬಿಚ್ಚಿ, ಲಾರಿಗಳ ಮೇಲೆ ಹೇರಿ ತಂದು, ಇಲ್ಲಿ ಮತ್ತೆ ಜೋಡಿಸಿದ್ದು.

ಬಹಳ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನೀವು ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ರೆಕ್ಕೆ ಹತ್ತಿರ ಹೋಗಿ ಎಂಜಿನ್ ಒಂದರ ಕೆಳಗೆ ನಿಂತು ಪ್ರೊಪೆಲ್ಲರ್ ನೋಡಿ. ಸುಮ್ನೆ ನೋಡಿದರೆ ಒಂದೇ ಪಂಖ ಅನ್ನಿಸುತ್ತದೆ. ಗಮನ ಇಟ್ಟು ನೋಡಿದರೆ ಎರಡಿವೆ, ಒಂದರ ಹಿಂದೆ ಒಂದು. ಮುಂದಿನದಕ್ಕೆ ನಾಲ್ಕು ಅಲಗು, ಹಿಂದಿನದಕ್ಕೂ ನಾಲ್ಕು. ಮುಂದಿನದು ಒಂದು ಕಡೆಗೆ ತಿರುಗಿದರೆ ಹಿಂದಿನದು ಅದಕ್ಕೆ ಎದುರು ದಿಕ್ಕಿಗೆ ತಿರುಗುತ್ತದೆ. ಇಂಥ ನಾಲ್ಕು ಎಂಜಿನ್. ಒಂದೊಂದಕ್ಕೂ ಸುಮಾರು 15,000 ಅಶ್ವಶಕ್ತಿ. ಪಂಖ ಇರುವ ವಿಮಾನ ಅಂದರೆ ನಿಧಾನ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇದು ಗಂಟೆಗೆ 900 ಕಿಲೋಮೀಟರ್ ಮೀರಿ ಹಾರಬಲ್ಲದು. ಜೆಟ್ ವಿಮಾನಗಳ ಹಾಗೆ ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿ ಕಟ್ಟಿದ್ದು ಅದಕ್ಕೇ.

ಆ ಪ್ರೊಪೆಲ್ಲರ್ ಕೆಳಗೆ ನಿಂತಾಗ ನನಗೆ ಬಂದ ಪ್ರಶ್ನೆ ಒಂದೇ. ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಇವರು ಮಾಡುತ್ತಿದ್ದ ಕೆಲಸ ಏನು? ಬಾಂಬ್ ಹಾಕಿದರಾ? ಯುದ್ಧ ಮಾಡಿದರಾ? ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಬೇರೆಯೇ. ಇವರು ಕಾದರು. ಹತ್ತು ಗಂಟೆ, ಹನ್ನೆರಡು ಗಂಟೆ, ಕೆಳಗೆ ಬರೀ ನೀರು, ಆ ನೀರನ್ನು ನೋಡುತ್ತಾ, ಅದರೊಳಗಿನ ಸದ್ದನ್ನು ಕೇಳುತ್ತಾ ಕಾದರು. ಇವತ್ತು ಹೇಳಲು ಹೊರಟಿರುವುದು ಹಾಗೆ ಕಾಯುವುದನ್ನೇ ಕಸುಬು ಮಾಡಿಕೊಂಡ ಒಂದು ದಳದ ಕಥೆ. ಐಎನ್‌ಎಎಸ್ 312, ಭಾರತೀಯ ನೌಕಾಪಡೆಯ ವಿಮಾನ ಸ್ಕ್ವಾಡ್ರನ್. ಅಡ್ಡಹೆಸರು ಆಲ್ಬಟ್ರಾಸ್. ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಕಡಲ ಮೇಲೆ ತೇಲುವ ಹಕ್ಕಿ ಅದು, ಹೆಸರು ಸರಿಯಾಗೇ ಇಟ್ಟಿದ್ದಾರೆ.

ಕಥೆ ಶುರುವಾಗುವುದು ಕಡಲಿನಿಂದ ಬಹಳ ದೂರದ ಕಾನ್ಪುರದಲ್ಲಿ. ಅದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದ ಏರ್‌ಫೀಲ್ಡ್‌ನಲ್ಲಿ ಬಿ-24 ಲಿಬರೇಟರ್ ಅನ್ನುವ ಅಮೆರಿಕದ ಬಾಂಬರ್ ವಿಮಾನಗಳನ್ನು ಸಾಲಾಗಿ ನಿಲ್ಲಿಸಿ ಬಿಟ್ಟುಹೋದರು. ಸುಮ್ನೆ ಬಿಟ್ಟುಹೋಗಲಿಲ್ಲ. ಯಾರೂ ಮತ್ತೆ ಹಾರಿಸಬಾರದು ಅಂತ ಬೇಕೆಂದೇ ಹಾಳು ಮಾಡಿದರು. ಲಾರಿಗಳಿಂದ ಗುದ್ದಿಸಿದರು. ಎಂಜಿನ್‌ಗಳಿಗೆ ಮರಳು ಸುರಿದರು. ಒಳಗಿನ ಮೀಟರುಗಳನ್ನು ಒಡೆದು ಹಾಕಿದರು. ಗುಜರಿಗೆ ಹಾಕುವುದು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವ ಸ್ಥಿತಿ.

ಸ್ವಾತಂತ್ರ್ಯ ಬಂದ ಮೇಲೆ ಹೊಸ ವಾಯುಪಡೆಗೆ ದೊಡ್ಡ ವಿಮಾನ ಬೇಕಿತ್ತು, ದುಡ್ಡು ಇರಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋದರು. ಒಂದರ ಬಾಲ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಹೀಗೆ ಕೂಡಿಸಿ, ಬೆಂಗಳೂರಿನವರೆಗೆ ಹಾರಿದರೆ ಸಾಕು ಅನ್ನುವಷ್ಟು ರಿಪೇರಿ ಮಾಡಿದರು. ಅವನ್ನು ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಶಿ. ಯೋಚನೆ ಮಾಡಿ, ಮರಳು ತೆಗೆದು ತೊಳೆದ ಎಂಜಿನ್, ತೇಪೆ ಹಾಕಿದ ಮೈ, ಅದರಲ್ಲಿ ಕಾನ್ಪುರದಿಂದ ಬೆಂಗಳೂರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಸರಿಮಾಡಿ 40ಕ್ಕೂ ಹೆಚ್ಚು ವಿಮಾನಗಳನ್ನು ವಾಯುಪಡೆಗೆ ಕೊಟ್ಟರು. ಬೇರೆ ದೇಶಗಳೆಲ್ಲ ಲಿಬರೇಟರ್‌ಗಳನ್ನು ಗುಜರಿಗೆ ಹಾಕಿ ಮುಗಿಸಿದ ಮೇಲೂ, 1968ರ ತನಕ ನಮ್ಮಲ್ಲಿ ಇವು ಹಾರುತ್ತಿದ್ದವು. ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಭಾರತದಿಂದ ಹೋದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ಒಂದಿದೆ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ಒಂದಿದೆ. ಬೆಂಗಳೂರಿನ ಕೆಲಸಗಾರರ ಕೈ ತಾಗಿದ ವಿಮಾನಗಳು ಅವು. ಈ ಸಂಗತಿ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಈ ಲಿಬರೇಟರ್‌ಗಳಲ್ಲಿ ಕೆಲವನ್ನು ವಾಯುಪಡೆಯ 6ನೇ ಸ್ಕ್ವಾಡ್ರನ್ ಕಡಲ ಗಸ್ತಿಗೆ ಬಳಸಿತು. ಅಂದರೆ ಸಮುದ್ರದ ಮೇಲೆ ಹಾರಿ, ಯಾವ ಹಡಗು ಎಲ್ಲಿದೆ, ಯಾರದ್ದು, ಯಾವ ಕಡೆ ಹೊರಟಿದೆ ಅಂತ ನೋಡಿಕೊಂಡು ಬರುವುದು. ಲಿಬರೇಟರ್ ಹಳೆಯದಾದ ಹಾಗೆ ಇನ್ನೊಂದು ವಿಮಾನ ಬಂತು, ಲಾಕ್‌ಹೀಡ್ ಸೂಪರ್ ಕಾನ್‌ಸ್ಟೆಲೇಷನ್. ಇದು ಮೂಲದಲ್ಲಿ ಏರ್ ಇಂಡಿಯಾದ ಪ್ರಯಾಣಿಕರ ವಿಮಾನ. ಮೀನಿನ ಹಾಗೆ ಬಳುಕಿದ ಮೈ, ಬಾಲಕ್ಕೆ ಮೂರು ಕಿವಿ, ನೋಡಲು ತುಂಬಾ ಚೆಂದ. ಏರ್ ಇಂಡಿಯಾಕ್ಕೆ ಬೋಯಿಂಗ್ 707 ಜೆಟ್‌ಗಳು ಬಂದ ಮೇಲೆ ಇವುಗಳಿಗೆ ಕೆಲಸ ಇಲ್ಲದಾಯಿತು, ವಾಯುಪಡೆಗೆ ಕೊಟ್ಟರು. ಒಂದು ಕಾಲಕ್ಕೆ ಲಂಡನ್ನಿಗೆ ಸೂಟು ಬೂಟಿನವರನ್ನು ಕರೆದುಕೊಂಡು ಹೋಗುತ್ತಿದ್ದ ವಿಮಾನ ಈಗ ಅರಬ್ಬೀ ಸಮುದ್ರದ ಮೇಲೆ ಹಡಗು ಹುಡುಕತೊಡಗಿತು.

ಇಲ್ಲಿ ಒಂದು ಕಷ್ಟ ಇತ್ತು. ವಿಮಾನ ವಾಯುಪಡೆಯದು, ಸಮುದ್ರ ನೌಕಾಪಡೆಯದು. ಶಾಂತಿಯ ಕಾಲದಲ್ಲಿ ಇದು ಕಾಗದ ಪತ್ರದ ವಿಷಯ. ಯುದ್ಧ ಬಂದಾಗ ಹಾಗಲ್ಲ.

1971ರ ಡಿಸೆಂಬರ್ 9ರ ರಾತ್ರಿಯ ವಿಷಯ ನಿಮಗೆ ಗೊತ್ತಿರಬೇಕು. ದಿಯು ತೀರದ ಆಚೆ ಪಾಕಿಸ್ತಾನದ ಹ್ಯಾಂಗೊರ್ ಅನ್ನುವ ಸಬ್‌ಮೆರಿನ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಟಾರ್ಪಿಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಮುಂದಿನ ಕೆಲವು ದಿನ ನಮ್ಮವರು ಆ ಸಬ್‌ಮೆರಿನ್‌ಗಾಗಿ ಸಮುದ್ರವನ್ನೆಲ್ಲ ಜಾಲಾಡಿದರು. ಸಿಗಲಿಲ್ಲ. ಅದು ತಪ್ಪಿಸಿಕೊಂಡು ಕರಾಚಿ ಸೇರಿತು.

ಆ ರಾತ್ರಿಯ ಬಗ್ಗೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಲ್ಲಾ ಅವರ ಧೈರ್ಯದ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ, ಮಾತಾಡಲೇಬೇಕು. ಆದರೆ ಆ ಸಬ್‌ಮೆರಿನ್‌ನ್ನು ಮೊದಲೇ ಹುಡುಕುವ ಕಣ್ಣು ಕಿವಿ ನಮಗೆ ಸಾಲದೇ ಇತ್ತು ಅನ್ನುವ ಮಾತನ್ನೂ ಅಷ್ಟೇ ಗಟ್ಟಿಯಾಗಿ ಆಡಬೇಕು. ನೀರಿನೊಳಗಿನ ಹಗೆಯನ್ನು ಹುಡುಕಬೇಕಾದರೆ ದೂರ ಹಾರುವ ವಿಮಾನ ಬೇಕು, ಅದರಲ್ಲಿ ಕೂತವನಿಗೆ ಹಡಗಿನ ಭಾಷೆ ಗೊತ್ತಿರಬೇಕು, ಅವನು ಹಡಗಿನವರ ಜೊತೆಯಲ್ಲೇ ತರಬೇತಿ ಪಡೆದಿರಬೇಕು. ಕೊನೆಗೆ 1976ರಲ್ಲಿ ಸರ್ಕಾರ ಕಡಲ ಗಸ್ತಿನ ಜವಾಬ್ದಾರಿಯನ್ನು ವಾಯುಪಡೆಯಿಂದ ನೌಕಾಪಡೆಗೆ ಕೊಟ್ಟಿತು. ಆ ವರ್ಷದ ನವೆಂಬರಿನಲ್ಲಿ ಸೂಪರ್ ಕಾನ್‌ಸ್ಟೆಲೇಷನ್‌ಗಳು ಗೋವಾದ ದಾಬೋಲಿಂನಲ್ಲಿರುವ ನೌಕಾಪಡೆಯ ವಿಮಾನನೆಲೆ ಐಎನ್‌ಎಸ್ ಹಂಸಕ್ಕೆ ಬಂದವು. 312 ಹುಟ್ಟಿದ್ದು ಹಾಗೆ.

ಹುಟ್ಟಿದಾಗಲೇ ವಿಮಾನಕ್ಕೆ ವಯಸ್ಸಾಗಿತ್ತು. ಬಿಡಿಭಾಗ ಸಿಗುವುದು ಕಷ್ಟ. ಪಿಸ್ಟನ್ ಎಂಜಿನ್‌ಗಳ ಕಾಲ ಮುಗಿದಿತ್ತು. ಆದರೂ ನೌಕಾಪಡೆಯ ಒಂದು ತಲೆಮಾರು ದೊಡ್ಡ ವಿಮಾನದಲ್ಲಿ ದೂರದ ಗಸ್ತು ತಿರುಗುವುದನ್ನು ಇವುಗಳಲ್ಲೇ ಕಲಿತಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಇವು ನಿವೃತ್ತಿಯಾದವು.

ಅಷ್ಟರಲ್ಲಿ ಇನ್ನೊಂದು ದಳವೂ ಗೋವಾದಲ್ಲಿ ಹುಟ್ಟಿತ್ತು. 1977ರ ಅಕ್ಟೋಬರ್ 1ರಂದು ಐಎನ್‌ಎಎಸ್ 315, ಸೋವಿಯತ್ ಒಕ್ಕೂಟದ ಐಎಲ್-38 ವಿಮಾನಗಳ ಜೊತೆ. ಇದನ್ನು 312ರ ಒಡಹುಟ್ಟು ಅನ್ನಬಹುದು. 2002ರಲ್ಲಿ ಇದೇ ದಿನ ತನ್ನ 25ನೇ ವರ್ಷದ ಸಮಾರಂಭದಲ್ಲಿ ಎರಡು ಐಎಲ್-38ಗಳು ಜೊತೆಯಾಗಿ ಹಾರುವಾಗ ಆಕಾಶದಲ್ಲೇ ಒಂದಕ್ಕೊಂದು ತಗುಲಿದವು. ಎರಡರಲ್ಲೂ ಇದ್ದ 12 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ, ನೆಲದ ಮೇಲಿದ್ದ ಕೆಲವರೂ ಸತ್ತರು. ಮನೆಯವರು, ಹಳೆಯ ಸಿಬ್ಬಂದಿ ಎಲ್ಲ ಸೇರಿ ಸಂಭ್ರಮ ಪಡುವ ದಿನ ಅದು. ಕಡಲ ಗಸ್ತಿನವರ ಬಗ್ಗೆ ಮಾತಾಡುವಾಗ ಆ 12 ಮಂದಿಯನ್ನು ನೆನೆಯದೇ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ದಳ ಅಷ್ಟಕ್ಕೇ ನಿಲ್ಲಲಿಲ್ಲ, ಐಎಲ್-38ಗಳನ್ನು 2023ರ ಅಕ್ಟೋಬರ್ ಕೊನೆಯವರೆಗೂ ಹಾರಿಸಿತು.

ಈಗ 312ಕ್ಕೆ ವಾಪಸ್ ಬರೋಣ.

1988ರ ಮಾರ್ಚ್ ಕೊನೆಯಲ್ಲಿ ಮೊದಲ ಟಿಯು-142ಗಳು ಗೋವಾದಲ್ಲಿ ಇಳಿದವು. ಒಟ್ಟು ಎಂಟು ವಿಮಾನ. ಇದಕ್ಕೂ ಮೊದಲೇ ನಮ್ಮ ಸಿಬ್ಬಂದಿ ಲಾಟ್ವಿಯಾದ ರೀಗಾಕ್ಕೆ ಹೋಗಿ ತರಬೇತಿ ಪಡೆದಿದ್ದರು. ಆಗ ಅದು ಸೋವಿಯತ್ ಒಕ್ಕೂಟದ ಭಾಗ. ಹಿಮ ಬೀಳುವ ಊರಿನಲ್ಲಿ ಕೂತು, ರಷ್ಯನ್ ಭಾಷೆಯ ಪಾಠ ಕೇಳಿ, ರಷ್ಯನ್ ಅಕ್ಷರ ಬರೆದ ಮೀಟರು ಸ್ವಿಚ್ಚುಗಳನ್ನು ನೆನಪಿಟ್ಟುಕೊಂಡು, ಹಿಂದೂ ಮಹಾಸಾಗರದ ಮೇಲೆ ಹಾರಲು ಕಲಿಯುವುದು. ಎಂಥ ಸಾಹಸ ನೋಡಿ.

ಈ ವಿಮಾನದ ಮೂಲ ಟಿಯು-95 ಅನ್ನುವ ಬಾಂಬರ್. ಅಣುಬಾಂಬ್ ಹೊತ್ತು ಖಂಡ ದಾಟಿ ಹೋಗಲು ಕಟ್ಟಿದ್ದು. ಅದನ್ನೇ ಹಿಗ್ಗಿಸಿ ಸಬ್‌ಮೆರಿನ್ ಬೇಟೆಗೆ ಒಗ್ಗಿಸಿದ್ದು ಟಿಯು-142. 53 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್, ಪೂರ್ತಿ ತುಂಬಿದರೆ 185 ಟನ್ ತೂಕ. ಅದರಲ್ಲಿ ದೊಡ್ಡ ಪಾಲು ಇಂಧನವೇ. ಎಲ್ಲೂ ಇಳಿಯದೆ 12,000 ಕಿಲೋಮೀಟರ್ ಹೋಗುವ ತಾಕತ್ತು. ಬಾಲದ ತುದಿಯಲ್ಲಿ ಹಿಂದಕ್ಕೆ ಮುಖ ಮಾಡಿದ ಒಂದು ಗೂಡು, ಅದರ ಕೆಳಗೆ ಜೋಡಿ ಬಂದೂಕು. ಕಾರವಾರದಲ್ಲಿ ವಿಮಾನದ ಹಿಂಭಾಗಕ್ಕೆ ಹೋಗಿ ನೋಡುವವರು ಕಡಿಮೆ, ನೀವು ಹೋಗಿ ನೋಡಿ.

ಬಂದ ವರ್ಷವೇ ಕೆಲಸ ಸಿಕ್ಕಿತು. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಬಂಟರು ಸರ್ಕಾರ ಉರುಳಿಸಲು ನೋಡಿದರು. ನಮ್ಮ ಪ್ಯಾರಾಟ್ರೂಪರ್‌ಗಳು ವಿಮಾನದಲ್ಲಿ ಹೋಗಿ ಇಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ, ಆಪರೇಷನ್ ಕ್ಯಾಕ್ಟಸ್. ಅದರ ಎರಡನೇ ಭಾಗ ಅಷ್ಟು ಜನಕ್ಕೆ ಗೊತ್ತಿಲ್ಲ. ಬಂಟರು ಪ್ರೋಗ್ರೆಸ್ ಲೈಟ್ ಅನ್ನುವ ಹಡಗನ್ನು ಹಿಡಿದು, ಒತ್ತೆಯಾಳುಗಳನ್ನು ಹತ್ತಿಸಿಕೊಂಡು ಶ್ರೀಲಂಕಾ ಕಡೆಗೆ ಓಡಿದರು. ರಾತ್ರಿ ಹೊತ್ತು, ಇಡೀ ಸಮುದ್ರದಲ್ಲಿ ಒಂದು ಹಡಗು. ಅದನ್ನು ಹುಡುಕಿ, ಕಣ್ತಪ್ಪಿ ಹೋಗದ ಹಾಗೆ ಬೆನ್ನು ಹತ್ತಿದ್ದು ನೌಕಾಪಡೆಯ ಗಸ್ತು ವಿಮಾನಗಳು. ಅವು ಕೊಟ್ಟ ಸುದ್ದಿ ಹಿಡಿದು ಐಎನ್‌ಎಸ್ ಗೋದಾವರಿ ಹೋಗಿ ಹಡಗನ್ನು ಅಡ್ಡಗಟ್ಟಿತು.

ಇಂಥ ಹೆಸರಾದ ಕಾರ್ಯಾಚರಣೆಗಳು ಬೆರಳೆಣಿಕೆ. ಉಳಿದ ದಿನಗಳೆಲ್ಲ ಗಸ್ತು. ಅದರ ಬಗ್ಗೆ ಯಾರೂ ಬರೆಯುವುದಿಲ್ಲ, ಬರೆಯಲು ಏನೂ ನಡೆದಿರುವುದಿಲ್ಲ. ಆದರೆ ಆ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯದೇ ಹೋದರೆ ಈ ಸ್ಕ್ವಾಡ್ರನ್ ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಇದರಲ್ಲೇ ಇರುತ್ತೇನೆ.

ಸಬ್‌ಮೆರಿನ್ ನೀರೊಳಗೆ ಇದ್ದರೆ ರಾಡಾರ್‌ಗೆ ಕಾಣುವುದಿಲ್ಲ. ರಾಡಾರ್ ಅಲೆ ನೀರೊಳಗೆ ಹೋಗುವುದಿಲ್ಲ. ಬೆಳಕೂ ಜಾಸ್ತಿ ದೂರ ಹೋಗುವುದಿಲ್ಲ. ಹೋಗುವುದು ಶಬ್ದ ಒಂದೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಸಮುದ್ರದ ನೀರಲ್ಲಿ ಸುಮಾರು 1,500 ಮೀಟರ್. ಹಾಗಾಗಿ ಸಬ್‌ಮೆರಿನ್ ಹುಡುಕುವುದು ಅಂದರೆ ಕಿವಿಗೊಟ್ಟು ಕೇಳುವುದು. ಆದರೆ ವಿಮಾನ ಇರುವುದು ಆಕಾಶದಲ್ಲಿ, ಕೇಳಬೇಕಾದದ್ದು ನೀರಲ್ಲಿ. ಅದಕ್ಕೆ ಇರುವ ಉಪಾಯ ಸೋನೋಬೋಯ್. ಇವತ್ತಿನ ವಿಮಾನಗಳಲ್ಲಿ ಬಳಸುವುದು ಸುಮಾರು ಮೂರು ಅಡಿ ಉದ್ದದ, ಅಂಗೈ ಅಗಲದ ಒಂದು ಕೊಳವೆ. ವಿಮಾನದಿಂದ ಬಿಟ್ಟ ಕೂಡಲೇ ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಬಿದ್ದ ಮೇಲೆ ಎರಡು ಭಾಗವಾಗುತ್ತದೆ. ಮೇಲಿನ ಭಾಗ ಆಂಟೆನಾ ಹೊತ್ತು ತೇಲುತ್ತದೆ. ಕೆಳಗಿನ ಭಾಗ, ಅಂದರೆ ನೀರೊಳಗೆ ಕೇಳುವ ಮೈಕು, ತಂತಿ ಬಿಚ್ಚಿಕೊಳ್ಳುತ್ತಾ ಆಳಕ್ಕೆ ಇಳಿಯುತ್ತದೆ. ಕೆಳಗೆ ಕೇಳಿದ್ದನ್ನು ಮೇಲಿನದು ರೇಡಿಯೊ ಮೂಲಕ ವಿಮಾನಕ್ಕೆ ಕಳಿಸುತ್ತದೆ. ಮೀನಿಗೆ ಬಲೆ ಹಾಕುವವರ ಹಾಗೆಯೇ, ಇಂಥವನ್ನು ಸಾಲಾಗಿ ಲೆಕ್ಕ ಹಾಕಿ ಬಿಡುತ್ತಾ ಹೋಗುತ್ತಾರೆ. ಯಾವ ಬೋಯ್‌ನಲ್ಲಿ ಸದ್ದು ಜಾಸ್ತಿ, ಯಾವುದರಲ್ಲಿ ಕಡಿಮೆ ಅಂತ ನೋಡಿ, ಸಬ್‌ಮೆರಿನ್ ಎಲ್ಲಿದೆ, ಯಾವ ಕಡೆ ಹೊರಟಿದೆ ಅಂತ ಕಂಡುಹಿಡಿಯುತ್ತಾರೆ.

ಓದುವಾಗ ಸುಲಭ ಅನ್ನಿಸುತ್ತದೆ. ಸಮುದ್ರ ಬಹಳ ಗದ್ದಲದ ಜಾಗ. ತಿಮಿಂಗಿಲದ ಕೂಗು, ಕಡಿಮೆ ಆಳದಲ್ಲಿ ಕೊಂಡಿ ಚಟಗುಟ್ಟಿಸುವ ಸಿಗಡಿಗಳ ಸದ್ದು, ಮಳೆ, ಅಲೆ, ಮೀನುಗಾರರ ಬೋಟುಗಳ ಡೀಸೆಲ್ ಎಂಜಿನ್, ದೊಡ್ಡ ಸರಕು ಹಡಗುಗಳು. ಇಷ್ಟರ ನಡುವೆ ಯಾವ ಸದ್ದೂ ಬರದ ಹಾಗೆ ಕಟ್ಟಿದ ಒಂದು ಯಂತ್ರದ ಸದ್ದನ್ನು ಹೆಕ್ಕಬೇಕು. ನಮ್ಮ ಕಡಲು ಬೆಚ್ಚಗಿನ ಕಡಲು, ಅದರಲ್ಲಿ ಇನ್ನೊಂದು ತಾಪತ್ರಯ. ಮೇಲಿನ ಪದರದ ನೀರು ಬಿಸಿ, ಕೆಳಗಿನದು ತಣ್ಣಗೆ. ಈ ಎರಡರ ಗಡಿಯಲ್ಲಿ ಶಬ್ದ ಬಾಗುತ್ತದೆ. ಜಾಣ ಸಬ್‌ಮೆರಿನ್ ಕ್ಯಾಪ್ಟನ್ ಆ ಗಡಿಯ ಕೆಳಗೆ ಹೋಗಿ ಕೂತರೆ ಮೇಲಿನ ಮೈಕಿಗೆ ಅವನ ಸದ್ದು ಸರಿಯಾಗಿ ಮುಟ್ಟುವುದೇ ಇಲ್ಲ. ಹಾಗಾಗಿ ಇವತ್ತು ನೀರು ಎಷ್ಟು ಆಳದಲ್ಲಿ ಎಷ್ಟು ಬಿಸಿ ಇದೆ ಅಂತ ಅಳೆಯುವ ಬೋಯ್‌ನ್ನೇ ಮೊದಲು ಬಿಡುತ್ತಾರೆ.

ಡೀಸೆಲ್ ಸಬ್‌ಮೆರಿನ್‌ಗೂ ಒಂದು ಕಷ್ಟ ಇದೆ. ನೀರೊಳಗೆ ಬ್ಯಾಟರಿಯಲ್ಲಿ ಓಡುತ್ತದೆ. ಬ್ಯಾಟರಿ ಮುಗಿಯುತ್ತಾ ಬಂದರೆ ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಅದಕ್ಕೆ ಗಾಳಿ ಬೇಕು, ಗಾಳಿಗೆ ಒಂದು ಕೊಳವೆಯನ್ನು ನೀರಿನ ಮೇಲೆ ಎತ್ತಬೇಕು. ಆ ಕೊಳವೆಯ ತುದಿಗಾಗಿಯೇ ವಿಮಾನದ ರಾಡಾರ್ ಕಾಯುತ್ತಿರುತ್ತದೆ. ಮೇಲೆ ವಿಮಾನ ಇದೆ ಅನ್ನುವ ಭಯ ಇದ್ದರೆ ಸಬ್‌ಮೆರಿನ್ ಕೊಳವೆ ಎತ್ತುವುದಿಲ್ಲ. ಬ್ಯಾಟರಿ ಇಳಿಯುತ್ತಾ ಹೋಗುತ್ತದೆ, ಅದು ಮೆಲ್ಲಗೆ ಹೋಗಬೇಕಾಗುತ್ತದೆ, ಹೋಗಬೇಕಾದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಹೋಗಲಾಗುವುದಿಲ್ಲ. ಒಂದೂ ಬಾಂಬ್ ಹಾಕದೆ ವಿಮಾನ ಗೆದ್ದ ಹಾಗೆ. ಅದಕ್ಕೇ ಮೊದಲು ಹೇಳಿದ್ದು, ಇವರ ಕಸುಬು ಕಾಯುವುದು ಅಂತ. ಯಾರು ಜಾಸ್ತಿ ಹೊತ್ತು ಕಾಯುತ್ತಾರೋ ಅವರ ಕೈ ಮೇಲು.

ಈ ಕೆಲಸಕ್ಕೆ ದಾಬೋಲಿಂ ಸಾಲದಾಯಿತು. ಟಿಯು-142ಕ್ಕೆ ಉದ್ದದ ರನ್‌ವೇ ಬೇಕು, ದಾಬೋಲಿಂನಲ್ಲಿ ಪ್ರವಾಸಿಗರ ವಿಮಾನಗಳದ್ದೂ ಓಡಾಟ. 1992ರಲ್ಲಿ 312 ಅರಕ್ಕೋಣಂಗೆ ಹೋಯಿತು. ಬೆಂಗಳೂರಿಂದ ಚೆನ್ನೈಗೆ ರೈಲಲ್ಲಿ ಹೋಗುವವರು ಆ ಸ್ಟೇಷನ್ ನೋಡಿರುತ್ತೀರಿ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ಹಳೆಯ ಏರ್‌ಫೀಲ್ಡ್ ಇತ್ತು. ಅದನ್ನು ಬೆಳೆಸಿ 1992ರ ಮಾರ್ಚ್ 11ರಂದು ಐಎನ್‌ಎಸ್ ರಾಜಾಳಿ ಅಂತ ಹೆಸರಿಟ್ಟರು. ರಾಜಾಳಿ ಅಂದರೆ ತಮಿಳಿನಲ್ಲಿ ಗಿಡುಗದ ಜಾತಿಯ ಹಕ್ಕಿ. ರನ್‌ವೇ ನಾಲ್ಕು ಕಿಲೋಮೀಟರಿಗಿಂತ ಉದ್ದ. ತೂಕದ ವಿಮಾನ ಬೇಸಿಗೆಯ ಬಿಸಿಗಾಳಿಯಲ್ಲಿ ಮೇಲೇಳಲು ಅಷ್ಟು ಓಡಬೇಕಾಗುತ್ತದೆ.

ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ವಿಮಾನ ಕಟ್ಟಿದ ದೇಶವೇ ಹೋದ ಮೇಲೆ ಬಿಡಿಭಾಗಕ್ಕೆ ಯಾರನ್ನು ಕೇಳುವುದು? ದೊಡ್ಡ ರಿಪೇರಿಗೆ ರಷ್ಯಾದ ಟಾಗನ್‌ರೋಗ್‌ವರೆಗೆ ವಿಮಾನ ಕಳಿಸಬೇಕಾಗುತ್ತಿತ್ತು. ಇಷ್ಟೆಲ್ಲದರ ನಡುವೆಯೂ 29 ವರ್ಷ, ಸುಮಾರು 30,000 ಗಂಟೆ, ಒಂದೇ ಒಂದು ಅಪಘಾತ ಇಲ್ಲದೆ ಟಿಯು-142 ಹಾರಿದೆ. ಈ ಇಡೀ ಮಾತಿನಲ್ಲಿ ನೀವು ಒಂದು ಲೆಕ್ಕ ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎಷ್ಟು ರಾತ್ರಿ ಎಷ್ಟು ಜನ ಟೆಕ್ನಿಷಿಯನ್‌ಗಳು ಏಣಿ ಹತ್ತಿ ಆ ಎಂಜಿನ್ ಬಿಚ್ಚಿ, ನೋಡಿ, ಸಮಾಧಾನವಾಗದೆ ಮತ್ತೆ ಬಿಚ್ಚಿರಬೇಕು! ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಬಂದ ವಿಮಾನದ ಮೈಗೆಲ್ಲ ಉಪ್ಪು ಹತ್ತಿರುತ್ತದೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ತುಕ್ಕು ತಿನ್ನುತ್ತದೆ. ಹಾಗೆ ತೊಳೆದವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ನನ್ನ ಮಟ್ಟಿಗೆ 312ರ ಇತಿಹಾಸ ಅಂದರೆ ಪೈಲಟ್‌ಗಳದ್ದು ಎಷ್ಟೋ, ಅವರದ್ದೂ ಅಷ್ಟೇ.

2017ರ ಮಾರ್ಚ್ 29ರಂದು ರಾಜಾಳಿಯಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರ ಎದುರಿಗೆ ಟಿಯು-142 ನಿವೃತ್ತಿಯಾಯಿತು. ಒಂದನ್ನು ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಮ್ಯೂಸಿಯಂ ಮಾಡಿದ್ದಾರೆ, ಎದುರಿಗೇ ಕುರ್ಸುರಾ ಸಬ್‌ಮೆರಿನ್ ಇದೆ. ಬೇಟೆಗಾರ, ಬೇಟೆ ಎರಡನ್ನೂ ಒಂದೇ ದಿನ ಒಳಗೆ ಹೋಗಿ ನೋಡಬಹುದು. ಇನ್ನೊಂದು ನಮ್ಮ ಕಾರವಾರಕ್ಕೆ ಬಂತು.

ಸ್ಕ್ವಾಡ್ರನ್ ಮಾತ್ರ ಮುಗಿಯಲಿಲ್ಲ. ನಾಲ್ಕು ವರ್ಷ ಮೊದಲೇ, 2013ರ ಮೇ 15ರಂದು, ಅದೇ ರನ್‌ವೇಯಲ್ಲಿ ಮೊದಲ ಬೋಯಿಂಗ್ ಪಿ-8ಐ ಇಳಿದಿತ್ತು. 2009ರ ಜನವರಿಯಲ್ಲಿ ಎಂಟು ವಿಮಾನಕ್ಕೆ ಒಪ್ಪಂದ ಆಗಿತ್ತು, ಸುಮಾರು 210 ಕೋಟಿ ಡಾಲರಿಗೆ. ಆಮೇಲೆ ಇನ್ನೂ ನಾಲ್ಕು ತಗೊಂಡರು. ಅಮೆರಿಕ ಬಿಟ್ಟರೆ ಈ ವಿಮಾನವನ್ನು ಮೊದಲು ಕೊಂಡ ದೇಶ ನಮ್ಮದು. ಟಿಯು-142 ಹೋದ ಮೇಲೆ 312ರ ಕೆಲಸ ಪೂರ್ತಿ ಇದರ ಹೆಗಲಿಗೆ ಬಂತು. 2022ರ ಮಾರ್ಚ್ 29ರಂದು ಗೋವಾದಲ್ಲಿ ಪಿ-8ಐಗಳದ್ದೇ ಇನ್ನೊಂದು ದಳವೂ ಶುರುವಾಯಿತು, ಐಎನ್‌ಎಎಸ್ 316.

ಪಿ-8ಐ ಅಂದರೆ ಬೋಯಿಂಗ್ 737. ನೀವೆಲ್ಲ ಹತ್ತಿರುವ ವಿಮಾನವೇ. ಆದರೆ ಸಾಲು ಸಾಲು ಕಿಟಕಿ ಇಲ್ಲ. ಒಳಗೆ ಸೀಟುಗಳಿರುವ ಜಾಗದಲ್ಲಿ ಒಂದು ಬದಿಗೆ ಸ್ಕ್ರೀನ್‌ಗಳು, ಅವುಗಳ ಮುಂದೆ ಕಿವಿಗೆ ಹೆಡ್‌ಫೋನ್ ಹಾಕಿದ ಆಪರೇಟರ್‌ಗಳು. ಹಡಗುಗಳ ಜೊತೆ ಮಾಹಿತಿ ಹಂಚಿಕೊಳ್ಳುವ ಡೇಟಾ ಲಿಂಕ್ ಮಾಡಿಕೊಟ್ಟಿದ್ದು ಬೆಂಗಳೂರಿನ ಬಿಇಎಲ್. ನೋಡಿ, ಕಾನ್ಪುರದ ಗುಜರಿಯಿಂದ ಇಲ್ಲಿಯವರೆಗೆ ಬೆಂಗಳೂರಿನ ನಂಟು ಬಿಟ್ಟಿಲ್ಲ. ನಮ್ಮ ವಿಮಾನದ ಬಾಲದಲ್ಲಿ ಒಂದು ಉದ್ದದ ಕೊಂಬಿದೆ, ಅದು ಕಾಂತಶಕ್ತಿ ಅಳೆಯುವ ಉಪಕರಣ. ಸಬ್‌ಮೆರಿನ್ ಅಂದರೆ ಸಾವಿರಾರು ಟನ್ ಲೋಹ, ಅದು ಇರುವಲ್ಲಿ ಭೂಮಿಯ ಕಾಂತಕ್ಷೇತ್ರದಲ್ಲಿ ಸಣ್ಣ ಏರುಪೇರು ಆಗುತ್ತದೆ. ಅಮೆರಿಕದವರು ತಮ್ಮ ಪಿ-8ರಲ್ಲಿ ಇದನ್ನು ಬೇಡ ಅಂದರು, ನಮ್ಮವರು ಬೇಕೇ ಬೇಕು ಅಂದರು.

ಇನ್ನೊಂದು ಸೋಜಿಗ ನನಗೆ ತಡವಾಗಿ ಹೊಳೆದದ್ದು. ಮೊದಲನೆಯದು ಪ್ರಯಾಣಿಕರ ವಿಮಾನದಿಂದ ಬಂತು, ಎರಡನೆಯದು ಬಾಂಬರ್‌ನಿಂದ, ಮೂರನೆಯದು ಮತ್ತೆ ಪ್ರಯಾಣಿಕರ ವಿಮಾನದಿಂದ. ಅಮೆರಿಕ, ರಷ್ಯಾ, ಮತ್ತೆ ಅಮೆರಿಕ. ಯಂತ್ರ ಬದಲಾಯಿತು, ಮೀಟರಿನ ಅಕ್ಷರ ಬದಲಾಯಿತು. ಬದಲಾಗದೇ ಇದ್ದದ್ದು ಒಬ್ಬರಿಂದ ಒಬ್ಬರಿಗೆ ಬಂದ ಕೈಪಳಗು. ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ನೀರು ಹೇಗಿರುತ್ತದೆ, ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ನದಿನೀರು ಸೇರಿದಾಗ ಶಬ್ದ ಹೇಗೆ ಬದಲಾಗುತ್ತದೆ ಅನ್ನುವುದನ್ನು ರೀಗಾದವರೂ ಅಮೆರಿಕದವರೂ ಪೂರ್ತಿ ಹೇಳಿಕೊಡಲಾರರು. ಅದನ್ನು ಇಲ್ಲೇ ಹಾರಿ ಹಾರಿ ಕಲಿಯಬೇಕು.

ಕೆಲಸ ಎಲ್ಲ ಸಲವೂ ಕೈಗೂಡುವುದಿಲ್ಲ. 2014ರ ಮಾರ್ಚ್‌ನಲ್ಲಿ ಮಲೇಷ್ಯಾದ ಎಂಎಚ್370 ಕಾಣೆಯಾದಾಗ ಪಿ-8ಐಗಳೂ ಅಂಡಮಾನ್ ಸುತ್ತ ಹುಡುಕಿದವು. ಏನೂ ಸಿಗಲಿಲ್ಲ. ಇನ್ನು ಕೆಲವು ಸಲ ಸಿಗುತ್ತದೆ. 2024ರ ಜನವರಿ 4ರ ಸಂಜೆ ಸೊಮಾಲಿಯಾ ಕಡೆಯ ಸಮುದ್ರದಲ್ಲಿ ಲೀಲಾ ನಾರ್ಫೋಕ್ ಅನ್ನುವ ಸರಕು ಹಡಗಿಗೆ ಬಂದೂಕು ಹಿಡಿದವರು ಹತ್ತಿದರು. ಒಳಗೆ 21 ಜನ, ಅದರಲ್ಲಿ 15 ಮಂದಿ ಭಾರತೀಯರು. ಹಡಗಿನೊಳಗೆ ಗಟ್ಟಿ ಬಾಗಿಲಿನ ಒಂದು ಕೋಣೆ ಇರುತ್ತದೆ, ಅದರಲ್ಲಿ ಚಿಲಕ ಹಾಕಿಕೊಂಡು ಕೂತರು. ಮರುದಿನ ಬೆಳಿಗ್ಗೆ ನೌಕಾಪಡೆಯ ಗಸ್ತು ವಿಮಾನ ಅವರ ಮೇಲೆ ಬಂದು ಸಂಪರ್ಕ ಮಾಡಿತು. ಆಮೇಲೆ ಐಎನ್‌ಎಸ್ ಚೆನ್ನೈ ಬಂತು, ಮಾರ್ಕೋಸ್ ಕಮಾಂಡೋಗಳು ಹತ್ತಿದರು, 21 ಜನವೂ ಹೊರಗೆ ಬಂದರು. ಕತ್ತಲ ಕೋಣೆಯಲ್ಲಿ ರಾತ್ರಿ ಪೂರ್ತಿ ಕೂತವರಿಗೆ ಮೇಲಿನಿಂದ ವಿಮಾನದ ದನಿ ಸಿಕ್ಕಿದಾಗ ಹೇಗಾಗಿರಬೇಡ! ಅದಾದ ಎರಡು ತಿಂಗಳಿಗೆ, ಮಾರ್ಚ್‌ನಲ್ಲಿ, ರುಯೆನ್ ಅನ್ನುವ ಹಡಗಿನ ಸರದಿ. ನಮ್ಮ ತೀರದಿಂದ 2,600 ಕಿಲೋಮೀಟರ್ ದೂರ. 35 ಕಡಲ್ಗಳ್ಳರು ಶರಣಾದರು, 17 ಜನ ಸಿಬ್ಬಂದಿ ಉಳಿದರು. ಅಲ್ಲೂ ಮೇಲೆ ಪಿ-8ಐ ಇತ್ತು.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು, ಅವನ್ನೂ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು, "ಈಗ ಉಪಗ್ರಹಗಳಿವೆಯಲ್ಲಪ್ಪ, ಇನ್ನೂ ವಿಮಾನ ಯಾಕೆ?" ಒಳ್ಳೆಯ ಪ್ರಶ್ನೆ. ಫೋಟೊ ತೆಗೆಯುವ ಉಪಗ್ರಹ ತನ್ನ ದಾರಿಯಲ್ಲಿ ತನ್ನ ಹೊತ್ತಿಗೆ ಬಂದು ಹೋಗುತ್ತದೆ. ಅದು ಯಾವಾಗ ಬರುತ್ತದೆ ಅಂತ ಎದುರಾಳಿಗೂ ಗೊತ್ತಿರುತ್ತದೆ. ಒಂದೇ ಕಡೆ ಸುತ್ತುತ್ತಾ ನಿಲ್ಲಲು ಅದಕ್ಕೆ ಆಗುವುದಿಲ್ಲ, ನೀರಿಗೆ ಮೈಕು ಇಳಿಸಲೂ ಆಗುವುದಿಲ್ಲ. ಲೀಲಾ ನಾರ್ಫೋಕ್‌ನ ಆ ಕೋಣೆಯಲ್ಲಿದ್ದವರ ಜೊತೆ ಮಾತಾಡಲೂ ಆಗುತ್ತಿರಲಿಲ್ಲ.

ಎರಡನೇ ಪ್ರಶ್ನೆ ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ಒಬ್ಬ ಹುಡುಗಿಯದ್ದು. ಏಳನೇ ಕ್ಲಾಸು ಇರಬಹುದು. "ಆ ಬೋಯ್‌ಗಳನ್ನು ಆಮೇಲೆ ಯಾರು ವಾಪಸ್ ತಗೊಂಡು ಬರ್ತಾರೆ, ಅಂಕಲ್?"

ಯಾರೂ ತರುವುದಿಲ್ಲ ಪುಟ್ಟಿ. ಎಷ್ಟು ಗಂಟೆ ಕೇಳಬೇಕು ಅಂತ ಬಿಡುವ ಮೊದಲೇ ಹೊಂದಿಸಿರುತ್ತಾರೆ. ಅಷ್ಟು ಹೊತ್ತು ಅದು ತೇಲುತ್ತಾ, ಕೇಳಿದ್ದನ್ನೆಲ್ಲ ಮೇಲೆ ಕಳಿಸುತ್ತಾ ಇರುತ್ತದೆ. ಹೊತ್ತು ಮುಗಿದ ಮೇಲೆ ತಾನೇ ನೀರು ತುಂಬಿಕೊಂಡು ತಳಕ್ಕೆ ಹೋಗುತ್ತದೆ.